ಹಾಗಾದರೆ ನೋಯುವುದು ಯಾರಿಗೆ?

“ರಿಪೋರ್ಟಿನಲ್ಲಿ ಏನೂ ಇಲ್ಲ.” ನಮ್ಮ ಆಸ್ಪತ್ರೆಗಳಲ್ಲಿ ಈ ಮಾತು ದಿನಕ್ಕೆ ಎಷ್ಟು ಸಲ ಹೊರಡುತ್ತದೆಂದು ಲೆಕ್ಕವಿಟ್ಟವರಿಲ್ಲ. ಕೇಳಿದವರಲ್ಲಿ ಬಹುಮಂದಿಗೆ ಅದು ಅಮೃತ. ಹುಣ್ಣಿಲ್ಲ, ಗೆಡ್ಡೆಯಿಲ್ಲ, ಬದುಕಿದೆವು ಎಂದು ಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚುತ್ತಾರೆ. ಆದರೆ ಇನ್ನು ಕೆಲವರಿಗೆ ಅದೇ ಮಾತು ಶಿಕ್ಷೆಯ ತೀರ್ಪಾಗುತ್ತದೆ. ರಿಪೋರ್ಟು ಬಂದ ಮೇಲೂ ಅವರ ನೋವು ಇದ್ದಲ್ಲೇ ಇರುತ್ತದೆ. ಅವರ ಮಾತಿನ ಮೇಲೆ ಮನೆಮಂದಿಗಿದ್ದ ನಂಬಿಕೆ ಮಾತ್ರ ಹೊರಟುಹೋಗಿರುತ್ತದೆ.

ನನ್ನ ತಂಗಿಯ ಮಗಳೊಬ್ಬಳಿದ್ದಾಳೆ. ಆಗ ಅವಳಿಗೆ ಹದಿನಾಲ್ಕು ವರ್ಷ, ಒಂಬತ್ತನೆಯ ತರಗತಿ. ಬೆಳಗ್ಗೆ ಜಡೆ ಹಾಕಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಅವಳಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಶಾಲೆಯ ಬಸ್ಸು ಬೀದಿಯ ಕೊನೆಯಲ್ಲಿ ಹಾರನ್ ಮಾಡುವಾಗ ಅವಳು ಮಂಡಿಗೆ ತಲೆಯಿಟ್ಟು ಬಚ್ಚಲ ಬಾಗಿಲಲ್ಲಿ ಕುಳಿತಿರುತ್ತಿದ್ದಳು. ರಕ್ತ ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು, ಗಂಟಲಿನಿಂದ ಕೊಳವೆ ಇಳಿಸಿ ನೋಡಿದ್ದೂ ಆಯಿತು. ಎಲ್ಲಿಯೂ ಏನೂ ಇಲ್ಲ. ಅವಳ ಅಜ್ಜಿ ದೃಷ್ಟಿ ತೆಗೆದಳು, ಜೀರಿಗೆ ಕಷಾಯ ಕುಡಿಸಿದಳು. ಅವಳ ತಂದೆ “ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೇ ಈ ನಾಟಕ” ಎಂದು ತೀರ್ಮಾನ ಕೊಟ್ಟರು. ಆ ದಿನ ಅವರ ಮನೆಗೆ ಹೋಗಿದ್ದ ನಾನೂ ಸುಮ್ಮನಿರದೆ, “ಕಳ್ಳನಿಗೊಂದು ಪಿಳ್ಳೆ ನೆವ” ಎಂದು ಅವಳ ಎದುರಿಗೇ ನಕ್ಕೆ. ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. “ನಿಮ್ಮ ಮಾತೇ ನಿಜ ಅಂತಿಟ್ಟುಕೊಳ್ಳಿ, ಮಾವ. ಹಾಗಾದರೆ ಈಗ ನೋಯ್ತಿರೋದು ಯಾರಿಗೆ?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಜೊತೆಗೆ, ಅಂದು ನಾನು ನಕ್ಕಂತೆ ಇಂದೂ ನಗುತ್ತಿರುವ ಹಿರಿಯರೊಡನೆ ಒಂದು ಜಗಳ.

ಆ ಪ್ರಶ್ನೆಗೆ ಉತ್ತರ ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಮಹಿಳೆಯೊಬ್ಬರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಹೆಸರು ರೇಚಲ್ ಝಾಫ್ನೆಸ್. ಅವರು ಕತ್ತರಿ ಹಿಡಿಯುವ ವೈದ್ಯರಲ್ಲ, ಮನಶ್ಶಾಸ್ತ್ರಜ್ಞರು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದ ನೋವಿನಿಂದ ನರಳುವವರಿಗೆ, ಅದರಲ್ಲೂ ಮಕ್ಕಳಿಗೆ ಮತ್ತು ಹರೆಯದವರಿಗೆ, ಚಿಕಿತ್ಸೆ ಮಾಡುತ್ತ ಬಂದವರು. ಸಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದಲ್ಲಿ ವೈದ್ಯರಾಗುವವರಿಗೆ ನೋವಿನ ಪಾಠ ಹೇಳಿದವರು. ೨೦೧೯ರಲ್ಲಿ ಅವರು ದೀರ್ಘಕಾಲದ ನೋವಿರುವ ಹರೆಯದ ಮಕ್ಕಳಿಗಾಗಿಯೇ ಒಂದು ಅಭ್ಯಾಸ ಪುಸ್ತಕ ಬರೆದರು. ದೊಡ್ಡವರಿಗಾಗಿ ಬರೆದದ್ದು ಮರುವರ್ಷ, ೨೦೨೦ರಲ್ಲಿ. ಈ ಕ್ರಮವನ್ನು ವಾಚಕರು ಗಮನಿಸಬೇಕು. ಲೋಕದ ರೂಢಿಯಲ್ಲಿ ದೊಡ್ಡವರಿಗೆ ಬಡಿಸಿ ಮಿಕ್ಕದ್ದು ಮಕ್ಕಳಿಗೆ. ಈಕೆ ಮೊದಲ ಎಲೆ ಮಕ್ಕಳಿಗೆ ಹಾಕಿದರು.

ಝಾಫ್ನೆಸ್ ಅವರು ತಮ್ಮ ಉಪನ್ಯಾಸಗಳಲ್ಲಿ ಎರಡು ಮೊಳೆಗಳ ಸಂಗತಿ ಹೇಳುವುದುಂಟು. ಎರಡೂ ನಡೆದದ್ದೇ. ಮೊದಲನೆಯದು ಇಂಗ್ಲೆಂಡಿನದು, ೧೯೯೫ರಲ್ಲಿ ಅಲ್ಲಿಯ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಇಪ್ಪತ್ತೊಂಬತ್ತು ವರ್ಷದ ಕಟ್ಟಡದ ಕೆಲಸಗಾರನೊಬ್ಬ ಮೇಲಿನಿಂದ ಹಾರಿದಾಗ ಹದಿನೈದು ಸೆಂಟಿಮೀಟರ್ ಉದ್ದದ ಮೊಳೆ ಅವನ ಬೂಟನ್ನು ತೂರಿಕೊಂಡು ಮೇಲೆ ಬಂತು. ಮೊಳೆ ಸ್ವಲ್ಪ ಅಲುಗಿದರೂ ಪ್ರಾಣ ಹೋದಂಥ ನೋವು. ಆಸ್ಪತ್ರೆಯಲ್ಲಿ ಬಲವಾದ ಮದ್ದು ಕೊಟ್ಟು, ಮೊಳೆ ಕಿತ್ತು, ಬೂಟು ಬಿಚ್ಚಿದರು. ನೋಡಿದರೆ ಮೊಳೆ ಎರಡು ಬೆರಳುಗಳ ನಡುವೆ ಹಾದುಹೋಗಿತ್ತು. ಕಾಲಿಗೆ ಒಂದು ಗೀರೂ ಇಲ್ಲ. ಎರಡನೆಯದು ೨೦೦೫ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ನಡೆದದ್ದು. ಮೊಳೆ ಹೊಡೆಯುವ ಯಂತ್ರ ಹಿಡಿದು ಕೆಲಸ ಮಾಡುತ್ತಿದ್ದವನೊಬ್ಬ ಹಲ್ಲುನೋವೆಂದು ಆರು ದಿನ ಹಾಗೂ ಹೀಗೂ ತಳ್ಳಿ, ಕೊನೆಗೆ ದಂತವೈದ್ಯರಲ್ಲಿಗೆ ಹೋದ. ಚಿತ್ರ ತೆಗೆದರೆ ತಲೆಯೊಳಗೆ ನಾಲ್ಕು ಅಂಗುಲದ ಮೊಳೆ!

ಒಬ್ಬನಿಗೆ ಗಾಯವಿಲ್ಲದೆ ಪ್ರಾಣಾಂತಿಕ ನೋವು, ಇನ್ನೊಬ್ಬನಿಗೆ ತಲೆಯಲ್ಲಿ ಮೊಳೆಯಿದ್ದೂ ಬರಿಯ ಹಲ್ಲುನೋವು. ಮೊದಲನೆಯವನು ನಾಟಕ ಆಡಿದನೆ? ಹಾಗೆ ಹೇಳುವವರು ಆ ಬೂಟಿನಲ್ಲಿ ಒಂದು ಗಳಿಗೆ ತಮ್ಮ ಕಾಲಿಟ್ಟು ನೋಡಲಿ. ಗಾಯವಿದ್ದಷ್ಟೇ ನೋವು, ಗಾಯವಿಲ್ಲದಿದ್ದರೆ ನೋವೂ ಇಲ್ಲ ಎಂದು ನಾವು ಹಾಕಿಕೊಂಡಿರುವ ಲೆಕ್ಕವೇ ತಪ್ಪು. ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯ ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ವಿಚಾರಿಸಿದಾಗ, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ನೋವಿನ ಮದ್ದು ಬೇಡವೆಂದಿದ್ದರು. ಇದನ್ನು ಆತ ೧೯೪೬ರಲ್ಲಿ ಪ್ರಕಟಿಸಿದ. ೧೯೬೫ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೊಂದು ಬಾಗಿಲಿದೆ, ಅದನ್ನು ತೆರೆಯುವುದರಲ್ಲೂ ಮುಚ್ಚುವುದರಲ್ಲೂ ಮಿದುಳಿನ ಕೈಯಿದೆ ಎಂದು ಸಿದ್ಧಾಂತ ಮಂಡಿಸಿದರು. ಅದರ ವಿವರಗಳು ಆಮೇಲೆ ತಿದ್ದುಪಡಿಯಾದವು; ತಿರುಳು ನಿಂತಿತು. ಭಯ, ನಿದ್ದೆಗೇಡು, ದುಃಖ, ಒಂಟಿತನ ನೋವನ್ನು ಏರಿಸುತ್ತವೆ. ಧೈರ್ಯ, ನಿದ್ದೆ, ಗೆಳೆತನ, ಆಟ ಇಳಿಸುತ್ತವೆ. ರೇಡಿಯೋದ ಕಿವಿ ತಿರುಗಿಸಿದಂತೆ ನೋವಿನ ಸದ್ದನ್ನು ಹೆಚ್ಚು ಕಡಮೆ ಮಾಡಬಹುದೆಂದು ಝಾಫ್ನೆಸ್ ಮಕ್ಕಳಿಗೆ ಕಲಿಸುವುದು ಇದನ್ನೇ ಆಧರಿಸಿ.

ನಾನು ಇದನ್ನು ನಮ್ಮ ಮನೆಗಳ ಮಾತಿನಲ್ಲಿ ಹೇಳುತ್ತೇನೆ. ಮನೆಯಲ್ಲೊಂದು ಕಾವಲು ನಾಯಿಯಿದೆ. ಒಂದು ರಾತ್ರಿ ಕಳ್ಳ ಬಂದ, ನಾಯಿ ಬೊಗಳಿತು, ಕಳ್ಳ ಓಡಿಹೋದ. ಆ ಮೇಲೆ ನಾಯಿಗೆ ನಿದ್ದೆಯಿಲ್ಲ. ತರಗೆಲೆ ಸರಿದರೂ ಬೊಗಳುತ್ತದೆ, ಹಾಲಿನವನು ಬಂದರೂ ಬೊಗಳುತ್ತದೆ. ಕಳ್ಳನಿಲ್ಲ ಎಂಬುದು ನಿಜ. ಆದರೆ ಬೊಗಳುವುದು ಸುಳ್ಳೆ? ಊರೆಲ್ಲ ಕೇಳುತ್ತಿದೆಯಲ್ಲ! ಆ ನಾಯಿಯ ಮುಂದೆ “ಕಳ್ಳನಿಲ್ಲ” ಎಂಬ ರಿಪೋರ್ಟು ಹಿಡಿದರೆ ಅದು ಸುಮ್ಮನಾಗುವುದೆ? ಕೋಲು ತೆಗೆದುಕೊಂಡು ಹೊಡೆದರೆ ಇನ್ನಷ್ಟು ಬೆದರುತ್ತದೆ. ಹತ್ತಿರ ಕುಳಿತು, ಮೈದಡವಿ, ಹಾಲಿನವನನ್ನು ದಿನಕ್ಕಿಷ್ಟು ಹತ್ತಿರ ಕರೆತಂದು ರೂಢಿ ಮಾಡಿಸಬೇಕು. ಮನಸ್ಸು ಮತ್ತು ದೇಹ ಎರಡನ್ನೂ ಹಿಡಿದು ಮಾಡುವ ಚಿಕಿತ್ಸೆಯ ಗುಟ್ಟು ಬಹುಪಾಲು ಇಷ್ಟೆ.

ಇದನ್ನು ಒಪ್ಪದವರ ಗುಂಪುಗಳು ಮೂರು. ಮೊದಲನೆಯ ಗುಂಪಿಗೆ ಚಿತ್ರದಲ್ಲಿ ಕಂಡದ್ದೇ ಸತ್ಯ. ಬೆನ್ನುನೋವೆಂದು ಹೋದವನ ಬೆನ್ನಿನ ಚಿತ್ರ ತೆಗೆಯುತ್ತಾರೆ. ಅದರಲ್ಲಿ ಎಲುಬುಗಳ ನಡುವಣ ಬಿಲ್ಲೆ ಉಬ್ಬಿರುವುದು ಕಾಣುತ್ತದೆ. ಅದೇ ಅಪರಾಧಿ ಎಂದು ಹಿಡಿಯುತ್ತಾರೆ. ೧೯೯೪ರಲ್ಲಿ ಬೆನ್ನುನೋವೇ ಇಲ್ಲದ ೯೮ ಮಂದಿಯ ಬೆನ್ನಿನ ಎಂಆರ್‌ಐ ಚಿತ್ರಗಳನ್ನು ಪರಿಶೀಲಿಸಿ ಅಮೆರಿಕದಲ್ಲಿ ಒಂದು ವರದಿ ಬಂತು. ಅವರಲ್ಲಿ ನೂರಕ್ಕೆ ೫೨ ಜನರ ಬೆನ್ನಿನಲ್ಲಿ ಉಬ್ಬಿದ ಬಿಲ್ಲೆಯಿತ್ತು; ನೂರಕ್ಕೆ ೨೭ ಜನರಲ್ಲಿ ಅದು ಹೊರಗೇ ಚಾಚಿಕೊಂಡಿತ್ತು. ನೋವಿಲ್ಲದವರ ಬೆನ್ನಿನಲ್ಲೂ ಇರುವುದನ್ನು ತೋರಿಸಿ ನೋವಿಗೆ ಇದೇ ಕಾರಣವೆಂದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುವ ಸಂಭವ ಬಹಳ. ಮಾತ್ರೆಯ ದಾರಿ ಹಿಡಿದ ಅಮೆರಿಕದ ಗತಿಯನ್ನೂ ಲೋಕ ಕಂಡಿದೆ. ೨೦೧೨ರ ಒಂದೇ ವರ್ಷದಲ್ಲಿ ಅಲ್ಲಿಯ ವೈದ್ಯರು ಅಫೀಮಿನ ಜಾತಿಯ ನೋವಿನ ಮದ್ದಿಗೆ ೨೫ ಕೋಟಿಗೂ ಹೆಚ್ಚು ಚೀಟಿ ಬರೆದರು. ನೋವು ಹೋಗಲಿಲ್ಲ; ಚಟ ಬಂತು, ಸಾವು ಬಂತು. ವೈದ್ಯರನ್ನಷ್ಟೇ ದೂರಿ ಫಲವಿಲ್ಲ. ೨೦೧೧ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ನೋವಿಗಾಗಿಯೇ ಮೀಸಲಾದ ಕಡ್ಡಾಯ ಪಾಠವಿದ್ದ ವೈದ್ಯ ಕಾಲೇಜುಗಳು ಅಮೆರಿಕದಲ್ಲಿ ನೂರಕ್ಕೆ ನಾಲ್ಕೂ ಇರಲಿಲ್ಲ. ಕಲಿಸದ ಪಾಠವನ್ನು ಅವರು ಒಪ್ಪಿಸುವುದು ಹೇಗೆ?

ಎರಡನೆಯ ಗುಂಪು ಇದರ ತಲೆಕೆಳಗು. ಇವರಿಗೆ ಎಲ್ಲವೂ ಮನಸ್ಸೇ. ಮನಸ್ಸು ಸರಿಮಾಡಿಕೊಂಡರೆ ಮುರಿದ ಮೂಳೆಯೂ ಕೂಡೀತು ಎನ್ನುವವರೆಗೆ ಇವರ ಉತ್ಸಾಹ ಹೋಗುತ್ತದೆ. ಇಲ್ಲಿ ನ್ಯೂಯಾರ್ಕಿನ ವೈದ್ಯ ಜಾನ್ ಸಾರ್ನೊ ಅವರ ಹೆಸರು ಹೇಳಬೇಕು. ೧೯೨೩ರಲ್ಲಿ ಹುಟ್ಟಿ ೨೦೧೭ರಲ್ಲಿ ತೀರಿಕೊಂಡ ಈ ವೈದ್ಯರು, ಅದುಮಿಟ್ಟ ಕೋಪತಾಪಗಳೇ ಬೆನ್ನುನೋವಾಗಿ ಹೊರಬೀಳುತ್ತವೆ ಎಂದು ಸಾರಿದರು. ೧೯೯೧ರ ಅವರ ಪುಸ್ತಕ ಓದಿಯೇ ವಾಸಿಯಾದೆವೆಂದು ಹೇಳಿದವರು ಬಹಳ. ಜೊತೆಯ ವೈದ್ಯರು ಅವರನ್ನು ಹತ್ತಿರ ಸೇರಿಸಲಿಲ್ಲ. ನೋವಿನಲ್ಲಿ ಮನಸ್ಸಿನ ಪಾಲಿದೆಯೆಂದು ಅವರು ಧೈರ್ಯದಿಂದ ಹೇಳಿದ್ದು ದೊಡ್ಡದು. ಆದರೆ ಅದುಮಿಟ್ಟ ಕೋಪ ರಕ್ತದ ಓಟವನ್ನು ಕಡಮೆ ಮಾಡಿ ನೋವು ತರುತ್ತದೆಂದು ಅವರು ಕೊಟ್ಟ ವಿವರಣೆಗೆ ಸಾಕಷ್ಟು ಆಧಾರ ದೊರೆಯಲಿಲ್ಲ. ವಾಸಿಯಾದವರ ಕಾಗದಗಳು ಎಷ್ಟಿದ್ದರೂ ಅವು ಪರೀಕ್ಷೆಗೆ ಸಮನಲ್ಲ.

ಪರೀಕ್ಷೆ ಆಮೇಲೆ ಬಂತು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಬಹುಕಾಲದ ಬೆನ್ನುನೋವಿದ್ದ ೧೫೧ ವಯಸ್ಕರನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ನಾಲ್ಕು ವಾರ, ನಿಮ್ಮ ಬೆನ್ನು ಗಟ್ಟಿಯಾಗಿದೆ, ಗಂಟೆ ಬಾರಿಸುತ್ತಿರುವುದು ಬೆದರಿದ ಮಿದುಳು ಎಂದು ತಿಳಿಹೇಳಿ ಅಭ್ಯಾಸ ಮಾಡಿಸುವ ಚಿಕಿತ್ಸೆ. ಇನ್ನೊಂದಕ್ಕೆ ಬೆನ್ನಿಗೆ ಬರಿಯ ಉಪ್ಪುನೀರಿನ ಸೂಜಿ. ಮೂರನೆಯದಕ್ಕೆ ಮಾಮೂಲು ಉಪಚಾರ. ೨೦೨೧ರಲ್ಲಿ ಫಲಿತಾಂಶ ಬಂತು. ಮೊದಲ ಪಾಲಿನಲ್ಲಿ ನೂರಕ್ಕೆ ೬೬ ಜನ ನೋವಿನಿಂದ ಪೂರ್ತಿ ಅಥವಾ ಹೆಚ್ಚುಕಡಮೆ ಪೂರ್ತಿ ಬಿಡುಗಡೆ ಪಡೆದರು. ಎರಡನೆಯದರಲ್ಲಿ ೨೦, ಮೂರನೆಯದರಲ್ಲಿ ೧೦. ಇದು ಸಣ್ಣ ಸುದ್ದಿಯಲ್ಲ. ಆದರೂ ಇದರ ಮೇಲೆ ಕೋಟೆ ಕಟ್ಟುವವರಿಗೆ ಒಂದು ಮಾತು: ಅವರನ್ನು ಮೊದಲು ಆರಿಸಿಕೊಂಡಿದ್ದರು, ಅವರು ಮಕ್ಕಳಲ್ಲ, ನೋವೂ ಬೆನ್ನಿನದು. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ. ಕರುಳಿನ ಬಾವು, ಕೀಲಿನ ಬಾವು ಮಕ್ಕಳಿಗೂ ಬರುತ್ತವೆ. ಮೊದಲು ದೇಹವನ್ನು ಚೆನ್ನಾಗಿ ನೋಡಬೇಕು, ಆಮೇಲೆ ಮನಸ್ಸಿನ ಮಾತು. ಕಳ್ಳನಿದ್ದಾನೋ ಇಲ್ಲವೋ ನೋಡದೆಯೇ ನಾಯಿಯನ್ನು ಸಮಾಧಾನ ಮಾಡುವವನು ಜಾಣನಲ್ಲ.

ಮೂರನೆಯ ಗುಂಪು ನಮ್ಮದೇ. “ಇದೆಲ್ಲ ಹೊಟ್ಟೆ ತುಂಬಿದವರ ದೇಶದ ರೋಗ. ನಮ್ಮ ಕಾಲದಲ್ಲಿ ಇಂಥದಿತ್ತೆ?” ಎಂದು ನಾವು ಕೇಳುತ್ತೇವೆ. ಕೇಳುವ ಮುನ್ನ ನಾವಾಡುವ ಕನ್ನಡವನ್ನಾದರೂ ಕಿವಿಗೊಟ್ಟು ಆಲಿಸಬೇಡವೆ? ಪಕ್ಕದವನು ಮನೆ ಕಟ್ಟಿದರೆ ನಮಗೆ ಹೊಟ್ಟೆಕಿಚ್ಚು. ಅನಾಥ ಕೂಸನ್ನು ಕಂಡರೆ ಕರುಳು ಚುರ್ ಎನ್ನುತ್ತದೆ. ಕೆಟ್ಟ ಸುದ್ದಿ ಬಂದರೆ ಕೈಕಾಲು ಬಿದ್ದುಹೋಗುತ್ತದೆ. ಸಾಲಗಾರನಿಗೆ ತಲೆಬಿಸಿ, ಮಗಳನ್ನು ಕಳಿಸಿಕೊಟ್ಟ ತಾಯಿಗೆ ಎದೆಭಾರ. ಮನಸ್ಸಿಗಾದದ್ದು ಮೈಯಲ್ಲಿ ಕಾಣಿಸಿಕೊಳ್ಳುತ್ತದೆಂದು ಹಳ್ಳಿಯ ಮುದುಕಿಯೂ ಬಲ್ಲಳು. ದೊಡ್ಡವರ ಹೊಟ್ಟೆಯಲ್ಲಿ ಕಿಚ್ಚು ಹೊತ್ತಬಹುದು, ಹದಿನಾಲ್ಕು ವರ್ಷದ ಹುಡುಗಿಯ ಹೊಟ್ಟೆಯಲ್ಲಿ ಭಯ ನೋಯಬಾರದು! ಇದಾವ ನ್ಯಾಯ?

ಇಲ್ಲಿಗೆ ನನ್ನ ಜಗಳದ ಮುಖ್ಯ ಅಂಶಕ್ಕೆ ಬಂದೆ. ಚಿಕಿತ್ಸಕರು ಚಿಕಿತ್ಸೆ ಮಾಡಿಕೊಂಡಿರಲಿ, ಮಕ್ಕಳ ಪರವಾಗಿ ಊರೂರು ತಿರುಗಿ ವಕಾಲತ್ತು ವಹಿಸುವುದೇಕೆ ಎಂದು ಕೆಲವರು ಕೇಳುತ್ತಾರೆ. ಇವೆರಡೂ ಬೇರೆ ಬೇರೆ ಕೆಲಸಗಳೆಂಬ ಎಣಿಕೆಯೇ ತಪ್ಪು. ನೋವನ್ನು ಅಳೆಯುವ ಯಂತ್ರವಿಲ್ಲ. ನೋಯುವವನ ಮಾತೇ ಸಾಕ್ಷಿ. ದೊಡ್ಡವನಾದರೆ ಒಬ್ಬ ವೈದ್ಯನನ್ನು ಬಿಟ್ಟು ಇನ್ನೊಬ್ಬನಲ್ಲಿಗೆ ಹೋದಾನು, ಜಗಳವಾಡಿಯಾನು, ರಜೆ ಹಾಕಿಯಾನು. ಮಗುವಿನ ಮಾತಿಗೆ ಮನೆಯಲ್ಲಿ ತಂದೆಯ ಒಪ್ಪಿಗೆ ಬೇಕು, ಶಾಲೆಯಲ್ಲಿ ಮೇಷ್ಟರ ಒಪ್ಪಿಗೆ ಬೇಕು, ಆಸ್ಪತ್ರೆಯಲ್ಲಿ ವೈದ್ಯರ ಒಪ್ಪಿಗೆ ಬೇಕು. ಸಾಕ್ಷಿಯ ಮಾತನ್ನೇ ಯಾರೂ ಕೇಳದ ಕಡೆ ಚಿಕಿತ್ಸೆ ಶುರುವಾಗುವುದು ಹೇಗೆ? ಆದ್ದರಿಂದ ಮಕ್ಕಳ ನೋವಿಗೆ ಮದ್ದು ಮಾಡುವವರು ಮೊದಲು ಮಕ್ಕಳ ಮಾತಿಗೆ ಜಾಮೀನು ನಿಲ್ಲಬೇಕಾಗುತ್ತದೆ.

ಜಾಮೀನು ನಿಲ್ಲುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಹಳೆಯ ಚರಿತ್ರೆ ಬೇಕಿಲ್ಲ. ಎಳೆಗೂಸುಗಳಿಗೆ ನೋವೇ ತಿಳಿಯದೆಂದು ವೈದ್ಯರಲ್ಲಿ ಹಲವರು ಮೊನ್ನೆಮೊನ್ನೆಯವರೆಗೂ ನಂಬಿದ್ದರು. ೧೯೮೫ರಲ್ಲಿ ಅಮೆರಿಕದಲ್ಲಿ ದಿನ ತುಂಬದೆ ಹುಟ್ಟಿದ ಕೂಸೊಂದಕ್ಕೆ, ಮೈ ಅಲುಗದಂತೆ ಮಾಡುವ ಮದ್ದು ಮಾತ್ರ ಕೊಟ್ಟು, ನೋವು ತಿಳಿಯದಂತೆ ಮಾಡುವ ಮದ್ದು ಕೊಡದೆ, ಎದೆ ಕೊಯ್ದು ಶಸ್ತ್ರಕ್ರಿಯೆ ಮಾಡಿದರು. ಕೂಸು ಕೆಲವು ವಾರಗಳಲ್ಲಿ ತೀರಿಕೊಂಡಿತು. ನಡೆದದ್ದು ಆಮೇಲೆ ತಿಳಿದ ತಾಯಿ ಜಿಲ್ ಲಾಸನ್ ಸುಮ್ಮನೆ ಅತ್ತು ಕೂರಲಿಲ್ಲ. ಪತ್ರಿಕೆಗಳಿಗೆ ಬರೆದು ದೇಶಕ್ಕೆಲ್ಲ ತಿಳಿಸಿದಳು. ಅದೇ ಕಾಲದಲ್ಲಿ, ಇಂದೋರಿನಲ್ಲಿ ವೈದ್ಯ ಪದವಿ ಪಡೆದು ಆಕ್ಸ್‌ಫರ್ಡಿಗೆ ಹೋಗಿದ್ದ ನಮ್ಮವರೇ ಆದ ಕನ್ವಲ್‌ಜೀತ್ ಆನಂದ್, ನೋವಿನ ಮದ್ದು ಕೊಟ್ಟ ಕೂಸುಗಳು ಶಸ್ತ್ರಕ್ರಿಯೆಯನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತವೆಂದು ೧೯೮೭ರಲ್ಲಿ ತೋರಿಸಿಕೊಟ್ಟರು. ಒಂದು ಕಡೆ ತಾಯಿಯ ಕೂಗು, ಇನ್ನೊಂದು ಕಡೆ ವಿಜ್ಞಾನಿಯ ಲೆಕ್ಕ. ಎರಡೂ ಕೂಡಿದ ಮೇಲೆಯೇ ಪದ್ಧತಿ ಬದಲಾದದ್ದು.

ಈಗ ಕಾಗದದ ಮೇಲೆ ಮಕ್ಕಳಿಗೆ ನ್ಯಾಯ ದೊರೆತಿದೆ. ನೋವಿನ ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘ ೨೦೨೦ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋಯುತ್ತಿದೆಯೆಂದು ಒಬ್ಬನು ಹೇಳಿದರೆ ಆ ಮಾತಿಗೆ ಗೌರವ ಕೊಡಬೇಕೆಂದು ಟಿಪ್ಪಣಿಯಲ್ಲಿ ಬರೆದಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಮಕ್ಕಳ ದೀರ್ಘ ನೋವಿಗೆ ಮಾರ್ಗಸೂಚಿ ಹೊರಡಿಸಿ, ಮದ್ದಿನ ಜೊತೆಗೆ ಮೈಯ ವ್ಯಾಯಾಮವನ್ನೂ ಮನಸ್ಸಿನ ಚಿಕಿತ್ಸೆಯನ್ನೂ ಹೇಳಿತು. ಕಾಗದದಿಂದ ಕೆಳಗಿಳಿದು ನಮ್ಮೂರ ಬಚ್ಚಲ ಬಾಗಿಲವರೆಗೆ ಅದು ಬರಬೇಕಲ್ಲ!

“ಹೀಗೆ ನಂಬುತ್ತ ಹೋದರೆ ಮಕ್ಕಳು ಸೋಮಾರಿಗಳಾಗುತ್ತಾರೆ” ಎನ್ನುವವರಿದ್ದಾರೆ. ಆಕ್ಷೇಪ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ನಂಬುವುದು ಬೇರೆ, ಮಲಗಿಸುವುದು ಬೇರೆ. ಈ ಚಿಕಿತ್ಸೆಯಲ್ಲಿ ಮಗುವಿಗೆ ಹಾಸಿಗೆಯಿಲ್ಲ. ನೋವು ಪೂರ್ತಿ ಹೋದ ಮೇಲೆ ಶಾಲೆಗೆ ಹೋಗು ಎಂದು ಯಾರೂ ಹೇಳುವುದಿಲ್ಲ. ಶಾಲೆಗೆ ಹೋಗುತ್ತ ಹೋಗುತ್ತ ನೋವು ಇಳಿಯುತ್ತದೆ ಎಂದು ಹೇಳುತ್ತಾರೆ. ಇಂದು ಒಂದು ಗಂಟೆ, ಬರುವ ವಾರ ಎರಡು ಗಂಟೆ. ಇಂದು ಗೇಟಿನವರೆಗೆ, ನಾಳೆ ತರಗತಿಯವರೆಗೆ. ಮಲಗುವ ಹೊತ್ತಿಗೆ ಮಲಗಬೇಕು, ಉಸಿರಾಟದ ಅಭ್ಯಾಸ ಮಾಡಬೇಕು, ಗೆಳತಿಯರನ್ನು ಬಿಡಬಾರದು. ಇದು ಸೋಮಾರಿಯ ದಾರಿಯಲ್ಲ. ಸುಳ್ಳುಗಾರ್ತಿ ಎನಿಸಿಕೊಂಡ ಮಗುವಿಗೆ ಈ ದಾರಿ ತುಳಿಯುವ ಧೈರ್ಯವೇ ಬಾರದು. ಅದರ ಶಕ್ತಿಯೆಲ್ಲ ನೋವು ನಿಜವೆಂದು ಸಾಧಿಸುವುದಕ್ಕೇ ಸಂದುಹೋಗುತ್ತದೆ. ನಂಬಿದರೆ ಆ ವಾದ ಮುಗಿಯಿತು, ಕೆಲಸ ಶುರುವಾಯಿತು.

ನಮ್ಮಲ್ಲಿ ಏನೂ ಇಲ್ಲವೆಂದು ಕೈಚೆಲ್ಲಬೇಕಾದ್ದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸಿನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ಗೆ ಕೇಂದ್ರಸ್ಥಾನವೂ ಆ ಸಂಸ್ಥೆಯೇ. ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲೇ ಮನಸ್ಸಿನ ಕಷ್ಟ ಹೇಳಿಕೊಳ್ಳಬಹುದು. ಆದರೆ ತಾಲ್ಲೂಕಿನ ಮಗುವಿಗೆ ಬೆಂಗಳೂರು ದೂರ. ಫೋನಿನ ಆಚೆಯಿಂದ ಹೊಟ್ಟೆ ಮುಟ್ಟಿ ನೋಡಲಾಗದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ವೈದ್ಯರ ಪಕ್ಕದಲ್ಲೇ ಮನಶ್ಶಾಸ್ತ್ರಜ್ಞರ ಕುರ್ಚಿಯೊಂದು ಇರಬೇಕೆಂದು ನಾವು ಗಟ್ಟಿಯಾಗಿ ಕೇಳಬೇಕು. ಅದು ಬರುವವರೆಗೆ ಕಾಸು ಖರ್ಚಿಲ್ಲದ ಒಂದು ಸುಧಾರಣೆಯಿದೆ. ವೈದ್ಯ ಮಹಾಶಯರು “ಏನೂ ಇಲ್ಲ” ಎಂಬಲ್ಲಿಗೆ ಮಾತು ನಿಲ್ಲಿಸದೆ, “ಅಪಾಯದ್ದೇನೂ ಇಲ್ಲ. ಆದರೆ ನಿನಗೆ ನೋಯುತ್ತಿರುವುದು ನಿಜ. ಏಕೆ ಎಂದು ಹೇಳುತ್ತೇನೆ, ಕುಳಿತುಕೋ” ಎನ್ನಲಿ. ಇದಕ್ಕೆ ಬೇಕಾದ್ದು ಐದು ನಿಮಿಷ. ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ತೆರೆಯುವ ಮುನ್ನ ಮಗುವಿನ ಮುಖ ನೋಡಲಿ. ತಂದೆ ತಾಯಿ, ಅಜ್ಜ ಅಜ್ಜಿ, ಮಾವಂದಿರು ನಗದೆ ಇರಲಿ.

ನನ್ನ ತಂಗಿಯ ಮಗಳ ಕಥೆ ಮುಗಿಸುತ್ತೇನೆ. ಅವಳ ಊರಿನ ಒಬ್ಬ ಆಪ್ತಸಲಹೆಗಾರ್ತಿ ಅವಳನ್ನೇ ಕೂರಿಸಿ ಕೇಳಿದಾಗ ಕಾರಣ ಒಂದೇ ಅಲ್ಲವೆಂದು ತಿಳಿಯಿತು. ಹಿಂದಿನ ಮಳೆಗಾಲದಲ್ಲಿ ಅವಳಿಗೆ ಟೈಫಾಯ್ಡು ಬಂದಿತ್ತು. ಹೊಟ್ಟೆನೋವಿನ ಮೊದಲು ಅಲ್ಲಿ. ಜ್ವರ ಬಿಟ್ಟಿತು, ನೋವು ಬಿಡಲಿಲ್ಲ. ತಪ್ಪಿಹೋದ ಪಾಠ ಬರಲಿಲ್ಲವೆಂದು ತರಗತಿಯಲ್ಲಿ ಅವಳನ್ನು ನಿಲ್ಲಿಸಿದ್ದರು. ಆ ಮೇಲೆ ಮನೆಯಲ್ಲಿ ನಾವು. ಕಳ್ಳ ಓಡಿಹೋಗಿದ್ದ, ನಾಯಿಯನ್ನು ದಿನಾ ಬೆದರಿಸುತ್ತಿದ್ದವರು ನಾವೇ.

ಪವಾಡವೇನೂ ನಡೆಯಲಿಲ್ಲ. ಮೂರು ತಿಂಗಳು ಹಿಡಿಯಿತು. ಈಗಲೂ ಕೆಲವು ಬೆಳಗ್ಗೆ ಅವಳ ಮುಖ ಬಿಳಿಚಿಕೊಳ್ಳುತ್ತದೆ. ಕಳೆದ ಸಲ ಅವರ ಮನೆಯಲ್ಲಿದ್ದಾಗ ಅಂಥದೊಂದು ಬೆಳಗ್ಗೆ ಬಂತು. “ತುಂಬಾ ನೋವೇನಮ್ಮ?” ಎಂದು ಕೇಳಿದೆ. ಬಸ್ಸಿನ ಹಾರನ್ ಕೇಳಿಸಿತು. “ಇದೆ, ಮಾವ. ಆದರೆ ಇವತ್ತು ಸಣ್ಣಗಿದೆ. ಹೋಗಿಬರ್ತೀನಿ” ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಟಳು. ಬೀದಿಯ ಕೊನೆಯವರೆಗೆ ನಾನೂ ಅವಳ ಜೊತೆಗೆ ನಡೆದೆ.